ಅಪ್ಪ ಆರಿಸದ ಸ್ವಿಚ್ಚು

ಬರಿ ಬರಿ ಅಂತ ಮೊಮ್ಮಗಳು ಪ್ರಾಣ ತಿಂತಾಳೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ಇದೆಲ್ಲ ಯಾಕೆ? ಅವಳ ಫೋನಿನ ಹೊಸ ಗೇಮು ಹಳೇ ಪೆಟ್ಟಿಗೆಯ ಹಾಗೇ ಕುಂಯ್‌ಗುಟ್ಟಿತು. ಆಗಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಮದ್ರಾಸಿನ ಪೆರಂಬೂರಲ್ಲಿದ್ದ ನಮ್ಮ ಹೋಟೆಲಲ್ಲಿ, ಕೈತೊಳೆಯೋ ಬೇಸಿನ್ ಪಕ್ಕ ವಿಡಿಯೋ ಗೇಮ್ ಪೆಟ್ಟಿಗೆ ಇತ್ತು. ಅದರ ಹಿಡಿಗೆಲ್ಲ ಸಾಂಬಾರಿನ ಜಿಡ್ಡು. ಅಕ್ಕ ಆಡಿದರೆ ಗಿರಾಕಿಗಳು ಕಾಫಿ ಮರೆತು ನೋಡೋರು.

"ಎಂಥ ಹುಚ್ಚು ಮಾರಾಯ್ತಿ ನಿಂಗೆ!" ಅಂತ ಅಪ್ಪ ಬೈಯೋರು. ಬಾಗಿಲು ಹಾಕುವಾಗ ಮೇನ್ ಸ್ವಿಚ್ ಆರಿಸೋರು; ಅವಳ ಸ್ಕೋರು ಅಳಿಸಿಹೋಗೋದು.

ಮದುವೆಗೆ ಮುಂಚೆ ಅವಳು ಕೊನೇ ಸಲ ಆಡಿದಳಲ್ಲ, ಆ ರಾತ್ರಿಯಿಂದ ಆರಿಸಲೇ ಇಲ್ಲ. ಗಂಡನ ಮನೆಗೆ ಹೋದ ಮೇಲೂ ಎಲ್ಲರಿಗಿಂತ ಮೇಲೆ ಅವಳ ಹೆಸರೇ ಮಿನುಗುತ್ತಿತ್ತು. "ಸ್ವಿಚ್ಚು ಮುಟ್ಟಿದರೆ ಕೈ ಮುರೀತೇನೆ" ಅಂದಿದ್ದರು ಅಪ್ಪ.

ಅಕ್ಕಾ, ಅಪ್ಪನಿಗೆ ನೀನು ಬೇಡವಾಗಿದ್ದೆ ಅಂತ ಇನ್ನೂ ಮುನಿಸಿಕೊಂಡು ಕೂತಿದ್ದೀಯಲ್ಲ. ಭಾನುವಾರ ಅವರ ತಿಥಿ. ಬರ್ತೀಯೋ ಇಲ್ಲವೋ, ಶುಕ್ರವಾರದೊಳಗೆ ಹೇಳು.