ಬಿಳಿ ಸ್ಕೂಟರಿನ ಗೀರು

ಗೆಳೆಯರೇ, ಇವತ್ತು ಬಸವೇಶ್ವರನಗರದ ನಮ್ಮ ಮನೆಯಲ್ಲೇ ನನ್ನ ಮರ್ಯಾದೆ ಹೋಯಿತು. ಕೆಳಗಿನ ಮನೆಯ ಆಂಟಿಗೆ ವಿಯೆಟ್ನಾಂ ಪ್ರವಾಸದ ವಿಡಿಯೊ ತೋರಿಸುತ್ತಿದ್ದೆ. ಅದರಲ್ಲಿ ನನ್ನ ಹೆಂಡತಿ ಬಾಡಿಗೆಯ ಬಿಳಿ ಸ್ಕೂಟರಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದಳು.

“ಹೊಸ ಗಾಡಿನೇ ಕೊಟ್ಟಿದಾರೆ ಕಣಪ್ಪ, ಒಂದು ಗೀರೂ ಇಲ್ಲ,” ಎಂದರು ಆಂಟಿ.

ನಾನು ಬೆಚ್ಚಿದೆ. ಗಾಡಿ ವಾಪಸ್ ಕೊಡುವಾಗ ಅಂಗಡಿಯ ಅಜ್ಜಿ ಮುಂಭಾಗದಲ್ಲಿ ಗೀರು ತೋರಿಸಿದ್ದರು. ನಾನು ಎಲ್ಲೂ ತಾಗಿಸಿರಲಿಲ್ಲ. “ಇದು ಮೊದಲೇ ಇತ್ತು” ಎಂದು ಜಗಳವಾಡಿ ಗೆದ್ದು ಬಂದಿದ್ದೆ.

ಹೆಂಡತಿ ಮೆಲ್ಲಗೆ ಬಾಯಿಬಿಟ್ಟಳು. “ರೀ, ಕುಂಕುಮದ ಕಲೆ ಹೋಗ್ಲಿಲ್ಲ ಅಂತ ನಾನೇ ರೂಮಿನ ಬೀಗದ ಕೈಲಿ ಕೆರೆದೆ. ಹೇಳಿದ್ರೆ ಬೈತೀರ ಅಂತ ಸುಮ್ನಿದ್ದೆ.”

ಆವತ್ತಿನ ಜಗಳವೆಲ್ಲ ಫೋನಿನ ಅನುವಾದದಲ್ಲೇ ನಡೆದಿತ್ತು. ನನ್ನ ಒಂದು ಮಾತೂ ಅಜ್ಜಿಗೆ ನೆಟ್ಟಗೆ ಅರ್ಥವಾದಂತೆ ಕಾಣಲಿಲ್ಲ. ಕೊನೆಗೆ ರೇಗಿ, “ಈ ವಯಸ್ಸಲ್ಲಿ ಸುಳ್ಳು ಹೇಳ್ಬೇಡಿ ಅಜ್ಜಿ” ಎಂದೆ. ಹಾಳು ಫೋನು ಅದೊಂದನ್ನು ಮಾತ್ರ ಸರಿಯಾಗಿ ಹೇಳಿರಬೇಕು. ಅಜ್ಜಿ ಗೀರಿನ ಮೇಲಿಟ್ಟಿದ್ದ ಬೆರಳು ತೆಗೆದು ನನ್ನ ಕೈಯಿಂದ ಕೀ ಇಸಿದುಕೊಂಡರು.