ಕೊನೆಯ ಹನ್ನೆರಡು ಪುಟ

ಮೂಡಿಗೆರೆ ಕಡೆಯ ಆ ಸಣ್ಣ ಆಸ್ಪತ್ರೆಯ ಲೈಬ್ರರಿಯವರು ರೋಗಿಗೆ ಏನಾಗಿದೆ ಎಂದು ಕೇಳುತ್ತಿರಲಿಲ್ಲ. ಬೆಳಿಗ್ಗೆ ಪುಸ್ತಕದ ಗಾಡಿ ತಳ್ಳಿಕೊಂಡು ವಾರ್ಡಿಗೆ ಬಂದವರೇ, "ಎಷ್ಟು ದಿನ ಇರ್ಬೇಕಂತೆ?" ಎನ್ನುತ್ತಿದ್ದರು. ದಿನಕ್ಕೆ ಇಪ್ಪತ್ತು ಪುಟದಂತೆ ದಪ್ಪ ನೋಡಿ ಪುಸ್ತಕ ಕೊಡುತ್ತಿದ್ದರು. ಡಾಕ್ಟರು ಬೇಗ ಮನೆಗೆ ಕಳಿಸಿದರೆ ಅವರಿಗೆ ಕೋಪ. "ಕಥೆ ಅರ್ಧದಲ್ಲಿದೆ, ಇನ್ನೆರಡು ದಿನ ಇಟ್ಕೊಳ್ಳಿ ಸಾರ್," ಎಂದು ಜಗಳಕ್ಕೇ ಹೋಗುತ್ತಿದ್ದರು.

ಕಾಫಿ ಗಿಡದ ರೆಂಬೆ ಬಡಿದು ನನ್ನ ತಮ್ಮನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಲೈಬ್ರರಿಯವರು ಪುಸ್ತಕವನ್ನು ನನ್ನ ಕೈಗಿಟ್ಟು, "ನೀವೇ ಓದಿ ಹೇಳಿ ಅಕ್ಕಾ," ಎಂದರು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತಮ್ಮನ ಎದುರು ಅಕ್ಷರ ಕೂಡಿಸಿ ಓದಲು ನಾಚಿಕೆಯಾಗಿ, ಹಗಲಿಡೀ ಸುಮ್ಮನೆ ಕೂತಿದ್ದವಳು, "ನಂಗೆ ಪುರುಸೊತ್ತಿಲ್ಲ," ಎಂದೆ. ಮಧ್ಯಾಹ್ನದಿಂದ ಅವರೇ ಬುತ್ತಿ ಹಿಡಿದು ಬಂದು, ತುತ್ತಿನ ನಡುವೆ ಓದತೊಡಗಿದರು. ಕಥೆಯಲ್ಲಿ ಕಳ್ಳ ಬಂದರೆ ಬಾಯಲ್ಲಿ ಅನ್ನ ಇಟ್ಟುಕೊಂಡೇ ಪಿಸುಗುಟ್ಟುತ್ತಿದ್ದರು.

ಮನೆಗೆ ಹೊರಟ ದಿನ ಹನ್ನೆರಡು ಪುಟ ಉಳಿದಿತ್ತು. ಅವರು ನನ್ನೊಬ್ಬಳನ್ನೇ ವಾರ್ಡಿನ ಹೊರಗೆ ಕರೆದರು. "ಹೊರಗೆ ಕೊಡೋ ಹಾಗಿಲ್ಲ. ಆದ್ರೂ ತಗೊಂಡು ಹೋಗಿ, ತಮ್ಮಂಗೆ ಕಥೆ ಮುಗಿಸಿ ಹೇಳಿ," ಎಂದು ನನ್ನ ಚೀಲಕ್ಕೆ ತುರುಕಿದರು. ತಮ್ಮನನ್ನು ಜೀಪಿನಲ್ಲಿ ಕೂರಿಸಿ ಬಂದು, ಅವರು ಇಲ್ಲದ ಹೊತ್ತು ನೋಡಿ, ಪುಸ್ತಕವನ್ನು ಅವರ ಮೇಜಿನ ಮೇಲಿಟ್ಟೆ. ತಮ್ಮನಿಗೆ, "ಕೊಡಲ್ಲ ಅಂದ್ರು ಕಣೋ," ಎಂದೆ.

"ಹನ್ನೆರಡು ಪುಟಕ್ಕೂ ಜಿಪುಣತನವಾ ಮಾರಾಯ್ತಿ!"

ಅವನ ಕಣ್ಣು ಸರಿಹೋಯಿತು. ಇಂದಿಗೂ ಮನೆಗೆ ಬಂದವರಿಗೆಲ್ಲ ಆ ಜಿಪುಣ ಲೈಬ್ರರಿಯವರ ಕಥೆ ಹೇಳಿ ನಗಿಸುತ್ತಾನೆ. ನಾನೂ ಜೊತೆಗೆ ಕೂತು ನಗುತ್ತೇನೆ.