ಕಾಲು ಒದ್ದು, ಕಾಲು ವದ್ದು

ಬಳ್ಳಾರಿಯ ಒಂದು ಕ್ಲೈಂಬಿಂಗ್ ಗೋಡೆಯ ನಟ್ಟನಡುವೆ ನಾನು ಎರಡೂ ಕೈಯಲ್ಲಿ ನೇತಾಡುತ್ತಿದ್ದೆ. ಕೆಳಗೆ ಹಗ್ಗ ಹಿಡಿದಿದ್ದ ಕೋಚ್ ಅಕ್ಕ ಒಂದೇ ಸಮನೆ ಕೂಗುತ್ತಿದ್ದರು, "ಕಾಲು ಒದ್ದು ಏಳ್ರಿ, ಕಾಲು ಒದ್ದು."

ಮೇಲೆ ಕಟ್ಟಿದ್ದ ಗಂಟೆ ಬಾರಿಸದೆ ಇಳಿದರೆ ನನ್ನ ಮಾನ ಉಳಿಯುತ್ತಿರಲಿಲ್ಲ. ಮಡಕಶಿರದಿಂದ ನಮ್ಮ ಮನೆ ಸೇರಿದ ಅತ್ತಿಗೆ ಆಗಲೇ ಅದನ್ನು ಬಾರಿಸಿ ಬಂದಿದ್ದರು. ಅವರು ಹತ್ತುವಾಗ ನಾನು ಕೆಳಗೆ ನಿಂತು, ಗೋಡೆಗೆ ಅಂಟಿದ ಹಲ್ಲಿಯ ಹಾಗೆ ಅಣಕಿಸಿ ಎಲ್ಲರನ್ನೂ ನಗಿಸಿದ್ದೆ.

ನನ್ನದು ರಾಯದುರ್ಗದ ಕಿವಿ, ಅರ್ಧ ಕನ್ನಡ, ಅರ್ಧ ತೆಲುಗು. ಕಾಲು ಎರಡರಲ್ಲೂ ಕಾಲೇ. ಆದರೆ ಅಕ್ಕನ "ಒದ್ದು" ನನಗೆ ತೆಲುಗಿನ "ವದ್ದು" ಅಂತ, ಅಂದರೆ ಬೇಡ ಅಂತ ಕೇಳಿಸಿತು. ಕಾಲು ಬೇಡವಂತೆ, ಸರಿ ಎಂದು ಕಾಲು ಮಡಚಿಕೊಂಡು ಬರೀ ಕೈಯಲ್ಲೇ ಮೈಯನ್ನು ಮೇಲೆಳೆದೆ. ತೋಳು ನಡುಗಿತು, ಬೆರಳು ಜಾರಿತು. ಹಗ್ಗಕ್ಕೆ ಜೋತುಬಿದ್ದು ಗಿರಗಿರ ತಿರುಗಿದೆ.

ಇಳಿದವನೇ, "ಕಾಲು ಬೇಡ ಅಂತ ನೀವೇ ಅಂದ್ರಲ್ರೀ" ಎಂದು ಜಗಳಕ್ಕೆ ನಿಂತೆ. ಕೋಚ್ ಅಕ್ಕ ತಬ್ಬಿಬ್ಬಾದರು. ನನ್ನ ಹಾಗೇ ಎರಡೂ ಭಾಷೆ ಬಲ್ಲ ಅತ್ತಿಗೆಗೆ ಮಾತ್ರ ತಟ್ಟನೆ ಹೊಳೆಯಿತು. "ಅಲ್ಲಪ್ಪ ಮೈದುನ, ಅವ್ರು ಅಂದಿದ್ದು ತೆಲುಗಿನ ವದ್ದು ಅಲ್ಲ, ಕನ್ನಡದ ಒದ್ದು. ಕಾಲಲ್ಲಿ ಒದ್ಕಂಡು ಮೇಲಕ್ಕೆ ಏಳು ಅಂತ."

ಅಕ್ಕ ನಗು ತಡೆದುಕೊಂಡು ಹೇಳಿದರು, "ಹೊಸಬರೆಲ್ಲ ಕೈಯಾಗೇ ಎಳದು ಸೋಲ್ತಾರ್ರಿ. ಆದ್ರ ತಪ್ಪನ್ನ ತೆಲುಗಿನ ಮ್ಯಾಲ ಹಾಕಿದೋರು ನೀವ ಮೊದಲು."

ಈಗ ಮನೆಗೆ ನೆಂಟರು ಬಂದರೆ ಮೊದಲಿನ ಹಾಗೆ ಮಿಮಿಕ್ರಿಗೆ ನನ್ನನ್ನು ಯಾರೂ ಕರೆಯುವುದಿಲ್ಲ. ಗೋಡೆಯಲ್ಲಿ ನೇತಾಡುವ ನನ್ನನ್ನು ಅತ್ತಿಗೆಯೇ ಮಾಡಿ ತೋರಿಸುತ್ತಾರೆ, ಅದೂ ನನಗಿಂತ ಚೆನ್ನಾಗಿ.